ವ್ಯತ್ಯಾಸ ಬರೆಯಿರಿ

ಗೆರೆ ಕುತ್ತಿಗೆಯನ್ನು ಪೂರ್ತಿ ಸುತ್ತಿತ್ತೋ, ಇಲ್ಲ ಎಡಗಿವಿಯ ಹಿಂದೆ ಎಲ್ಲೋ ಕರಗಿ ಹೋಗಿತ್ತೋ? ಅಡ್ಡವಾಗಿತ್ತು, ಅದಂತೂ ನಿಜ. ಆದರೆ ನಿಜವಾಗಿ ಅಡ್ಡವಾಗಿಯೇ ಇತ್ತೇ? ಗುಣಿಯೊಳಗೆ ಇಳಿಸುವಾಗ ತಲೆ ಒಂದು ಕಡೆಗೆ ವಾಲಿತ್ತು. ವಾಲಿದ ತಲೆಯ ಕೆಳಗಿನ ಗೆರೆ ಅಡ್ಡವೋ ಓರೆಯೋ ಎಂದು ಯಾರು ಹೇಳಬೇಕು? ಸಿದ್ದಲಿಂಗೇಶ ಕಣ್ಣು ಮುಚ್ಚಿ ಅಮೃತಾಳ ಕುತ್ತಿಗೆಯನ್ನು ಮತ್ತೆ ನೆನೆದ. ನೆನೆದಾಗಲೆಲ್ಲ ಗೆರೆ ಇನ್ನಷ್ಟು ಸ್ಪಷ್ಟವಾಗುತ್ತಿತ್ತು. ಅದೇ ಅವನಿಗೆ ಅನುಮಾನ ಹುಟ್ಟಿಸಿತು. ಕಂಡದ್ದು ನೆನಪಾಗುತ್ತಿದೆಯೋ, ಬೇಕಾದದ್ದು ನೆನಪಾಗುತ್ತಿದೆಯೋ ತಿಳಿಯಲಿಲ್ಲ.

ಅವನು ಕೂತಿದ್ದದ್ದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ, ಮನೆಗೆ ಒಯ್ಯಲು ಬಿಡದ ದಪ್ಪ ಪುಸ್ತಕಗಳ ಕೋಣೆಯಲ್ಲಿ. ಅಪರಾಧಶಾಸ್ತ್ರದ ಎಂ.ಎ. ಎರಡನೇ ವರ್ಷ. ಅಮೃತಾ ಅವನ ಸೋದರತ್ತೆಯ ಮಗಳು. ನಿನ್ನೆ ಮಧ್ಯಾಹ್ನ ಗಂಗಾವತಿಯಲ್ಲಿ ಅವಳನ್ನು ಮಣ್ಣು ಮಾಡಿದ್ದರು. ಬಚ್ಚಲಲ್ಲಿ ಫಿಟ್ಸ್ ಬಂದು ಬಿದ್ದಳು, ಎತ್ತುವಷ್ಟರಲ್ಲಿ ಉಸಿರು ನಿಂತಿತ್ತು ಎಂದು ಅವಳ ಗಂಡ ಕೊಟ್ರಬಸಪ್ಪ ಹೇಳಿದ. ಫಿಟ್ಸ್ ಅವಳಿಗೆ ಸಣ್ಣಂದಿನಿಂದ ಇದ್ದದ್ದೇ. ಓಣಿಯ ಡಾಕ್ಟರೊಬ್ಬರು ಬಂದು ಕಣ್ಣರೆಪ್ಪೆ ಎತ್ತಿ ನೋಡಿ ಫಿಟ್ಸಿನ ಸಾವೆಂದು ಚೀಟಿ ಬರೆದುಕೊಟ್ಟರು. ಪೊಲೀಸರ ತನಕ ಮಾತು ಹೋಗಲಿಲ್ಲ.

ಆದರೆ ಕೊಟ್ರಬಸಪ್ಪ ಹೆಂಡತಿಯನ್ನು ಹೊಡೆಯುತ್ತಿದ್ದ. ಅದು ಎಲ್ಲರಿಗೂ ಗೊತ್ತಿತ್ತು. ಹೋದ ಪಂಚಮಿಗೆ ಅವಳು ಯಲಬುರ್ಗಾ ಕಡೆಯ ತವರಿಗೆ ಬಂದಾಗ ಮುಂದಿನ ಹಲ್ಲೊಂದು ಇರಲಿಲ್ಲ. ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು, ಅವಳು ಹತ್ತಲಿಲ್ಲ. ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ, ಹಗ್ಗ ಹಿಡಿಯಲು ಬರುತ್ತಿರಲಿಲ್ಲ. ಅಂಗಡಿಯಲ್ಲಿ ಮೋಟರಿನ ಬೆಲ್ಟಿಗೆ ಕೈ ಸಿಕ್ಕಿತು ಎಂದಳು. ಕೈ ಬೆಲ್ಟಿಗೆ ಸಿಕ್ಕರೆ ಹಲ್ಲು ಯಾಕೆ ಹೋಗುತ್ತದೆ ಎಂದು ಯಾರೂ ಕೇಳಲಿಲ್ಲ. ಅವಳ ಅವ್ವ ವಿರೂಪಾಕ್ಷಮ್ಮ ಉಂಡಿ ಕಟ್ಟಿಕೊಟ್ಟು ಬಸ್ಸು ಹತ್ತಿಸಿದಳು. ಸಿದ್ದಲಿಂಗೇಶ ಚೀಲ ಹಿಡಿದು ಬಸ್ ನಿಲ್ದಾಣದ ತನಕ ಹೋಗಿದ್ದ. ಕಿಟಕಿಯ ಪಕ್ಕ ಕೂತವಳು ಬಾಯಿ ಮುಚ್ಚಿಕೊಂಡೇ ನಕ್ಕಿದ್ದಳು.

ಒಂದು ಕಾಲಕ್ಕೆ ಅವಳನ್ನು ಇವನಿಗೇ ಕೊಡುವ ಮಾತು ಎರಡೂ ಮನೆಗಳಲ್ಲಿ ಓಡಾಡಿತ್ತು. ಓದು ಮುಗಿಯಲಿ ಎಂದಿದ್ದ. ಓದು ಮುಗಿಯುವಂಥದ್ದಾಗಿರಲಿಲ್ಲ. ಅಷ್ಟರಲ್ಲಿ ಗಂಗಾವತಿಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇರುವ ವರ ಸಿಕ್ಕಿದ.

ನಿನ್ನೆ ಇವನು ಹೋಗುವಷ್ಟರಲ್ಲಿ ಆ ಮನೆಯಲ್ಲಿ ಒಂದು ಸುತ್ತು ಬಡಿದಾಟ ಆಗಿಹೋಗಿತ್ತು. ಅಮೃತಾಳ ಅಣ್ಣ ಗುರುಬಸವ ಗಿಣಿಗೇರಾದ ಕಾರ್ಖಾನೆಯಲ್ಲಿ ಕ್ರೇನ್ ನಡೆಸುವವನು. ಬಂದವನೇ ಕೊಟ್ರಬಸಪ್ಪನ ಅಂಗಿಯ ಕೊರಳಪಟ್ಟಿ ಹಿಡಿದು ಅವನ ತಲೆಯನ್ನು ಬಾಗಿಲ ಚೌಕಟ್ಟಿಗೆ ಅಪ್ಪಳಿಸಿದ್ದ. ಹಿರಿಯರು ಬಿಡಿಸಿದ್ದರು. ಚೌಕಟ್ಟಿನ ಅರಿಶಿನದ ಮೇಲೆ ರಕ್ತ ಹತ್ತಿಕೊಂಡಿತ್ತು. ಅದರ ಪಕ್ಕದಲ್ಲೇ, ಪಡಸಾಲೆಯಲ್ಲಿ, ಅಮೃತಾಳನ್ನು ತಮ್ಮವರ ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂಡ್ರಿಸಿದ್ದರು. ಹೊಸ ಸೀರೆ, ಹಣೆ ತುಂಬ ವಿಭೂತಿ, ಎದೆಮಟ್ಟ ಹೂವಿನ ಹಾರ. ತಲೆ ಮುಂದಕ್ಕೆ ಬೀಳದಂತೆ ಗಲ್ಲದ ಬುಡದಲ್ಲಿ ಬಿಳಿ ಅರಿವೆ ಸುತ್ತಿ ಹಿಂದಿನ ಕಿಟಕಿಯ ಸರಳಿಗೆ ಬಿಗಿದಿದ್ದರು. ಭಜನೆಯವರು ಹಾಡುತ್ತಿದ್ದರು. ಕೊಟ್ರಬಸಪ್ಪ ತಲೆಗೆ ಟವೆಲು ಒತ್ತಿಕೊಂಡು ಮೂಲೆಯಲ್ಲಿ ಕೂತಿದ್ದ.

ಮಣ್ಣಿಗಿಡುವಾಗ ಗುಣಿಯಲ್ಲಿ ಇಳಿದವರು ಹಾರ ತೆಗೆದರು, ಕಟ್ಟು ಬಿಚ್ಚಿದರು, ಸೆರಗು ಸರಿಯಿತು. ಆಗ ಕಂಡದ್ದು ಆ ಗೆರೆ. ಕಂದುಬಣ್ಣ, ಬೆರಳಗಲ, ಕುತ್ತಿಗೆಗೆ ಅಡ್ಡ. ಮರುಕ್ಷಣ ಮೊದಲ ಹಿಡಿ ವಿಭೂತಿ ಬಿತ್ತು. ಗುರುಬಸವ ಪಕ್ಕದಲ್ಲಿ ನಿಂತಿದ್ದವನು ಸಿದ್ದಲಿಂಗೇಶನ ಮುಂಗೈ ಹಿಡಿದ. ಮೂಳೆ ನೋಯುವಷ್ಟು ಬಿಗಿಯಾಗಿ ಹಿಡಿದ.

"ನೋಡಿದೇನು?"

"ಹ್ಞೂಂ."

"ಏನದು?"

"ಗೊತ್ತಿಲ್ಲೋ ಗುರಣ್ಣ."

"ಗೊತ್ತಿಲ್ಲ ಅಂದ್ರ ಎರಡ ವರ್ಷ ಏನ್ ಕಡದಿ ಅಲ್ಲಿ? ಕೊಲಿ ಮ್ಯಾಲ ಓದಾಕತ್ತೀನಿ ಅಂತ ಊರ ತುಂಬ ಹೇಳ್ಕೊಂತ ಅಡ್ಡಾಡ್ತಿ. ಓದಿ ಹೇಳು ಮತ್ತ."

ಅದಕ್ಕೇ ಇಂದು ಗ್ರಂಥಾಲಯದ ಬಾಗಿಲು ತೆಗೆಯುವಾಗಲೇ ಬಂದು ನಿಂತಿದ್ದ. ಗ್ರಂಥಪಾಲಕಿ ಮಹೇಶ್ವರಿ ಮೇಡಂ ಇನ್ನೂ ಕೈಚೀಲವನ್ನೂ ಇಳಿಸಿರಲಿಲ್ಲ.

"ಏನ್ರಿ ಸಿದ್ದಲಿಂಗೇಶ, ಕಸ ಹೊಡಿಯೂದ್ರಾಗ ಬಂದೀರಿ. ಯಾರನ್ನರ ಮುಗಸೋ ವಿಚಾರ ಐತೇನು? ನಿಮ್ಮ ಡಿಪಾರ್ಟ್‌ಮೆಂಟಿನವ್ರು ಬಂದ್ರ ನಾ ಮೊದ್ಲ ಕತ್ರಿ ಎತ್ತಿಡ್ತೀನಿ ನೋಡ್ರಿ."

"ಒಂದ ಪೇಪರ್ ಬರೀಬೇಕ್ರಿ ಮೇಡಂ. ಕುತ್ತಿಗಿ ಮ್ಯಾಲಿನ ಗುರ್ತಿನ ಬಗ್ಗೆ."

"ನಿಮ್ಮ ಕಪಾಟಿನ್ಯಾಗ ಸಿಗಂಗಿಲ್ಲ ಅದು. ಅಪರಾಧ ಒಂದ ಕಪಾಟಿನ್ಯಾಗ ಇರಂಗಿಲ್ರಿ. ಸಮಾಜಶಾಸ್ತ್ರದಾಗ ಒಂದಿಷ್ಟು, ಕಾಯ್ದೆದಾಗ ಒಂದಿಷ್ಟು, ವೈದ್ಯಕದಾಗ ಒಂದಿಷ್ಟು. ತಿರಗಬೇಕು." ಅವಳು ಕಂಪ್ಯೂಟರ್ ಚಾಲೂ ಮಾಡಿ ಪುಸ್ತಕದ ನಂಬರು ಹುಡುಕಿ ಚೀಟಿಯಲ್ಲಿ ಬರೆದುಕೊಟ್ಟಳು. "ಒಂದ ಪುಸ್ತಕದ ಮಾತು ಹಿಡಕೊಂಡು ಬರೀಬ್ಯಾಡ್ರಿ ಮತ್ತ. ಜರ್ನಲ್ ಅದಾವು, ನಿಮ್ಮ ಕಾರ್ಡಿನ ನಂಬರ್ ಹಾಕಿದ್ರ ಇದ್ರಾಗ ತಗೀತಾವು. ಇಷ್ಟ್ ರೊಕ್ಕ ಕೊಟ್ಟು ತರಿಸ್ತಾರ, ಒಬ್ಬರೂ ತಗಿಯಂಗಿಲ್ಲ."

ಪುಸ್ತಕ ಇಂಗ್ಲಿಷಿನದು, ನ್ಯಾಯವೈದ್ಯಕ ಶಾಸ್ತ್ರದ್ದು, ಎರಡು ಕೈಯಲ್ಲಿ ಎತ್ತಬೇಕಾದಷ್ಟು ಭಾರ. ಉಸಿರುಗಟ್ಟಿ ಸಾಯುವ ಬಗೆಗಳ ಅಧ್ಯಾಯದಲ್ಲಿ ಒಂದು ಕೋಷ್ಟಕವಿತ್ತು. ಎಡಗಡೆ ನೇಣು, ಬಲಗಡೆ ಕುತ್ತಿಗೆ ಬಿಗಿತ. ನೇಣಿನ ಗುರುತು ಓರೆ, ಗಲ್ಲದ ಹತ್ತಿರ, ಕಿವಿಯ ಹಿಂದೆ ಮೇಲಕ್ಕೇರಿ ತುಂಡಾಗುತ್ತದೆ. ಬಿಗಿತದ ಗುರುತು ಅಡ್ಡ, ಸುತ್ತಲೂ, ತುಂಡಿಲ್ಲದೆ. ಸಿದ್ದಲಿಂಗೇಶನಿಗೆ ಇದು ಹೊಸದಲ್ಲ. ಪ್ರತಿ ಪರೀಕ್ಷೆಯಲ್ಲೂ ಬರುವ ಪ್ರಶ್ನೆ: ನೇಣು ಮತ್ತು ಕುತ್ತಿಗೆ ಬಿಗಿತ, ವ್ಯತ್ಯಾಸ ಬರೆಯಿರಿ. ಕಳ್ಳತನ ಮತ್ತು ದರೋಡೆ, ವ್ಯತ್ಯಾಸ ಬರೆಯಿರಿ. ಹುಡುಗರೆಲ್ಲ ಓದುವುದೇ ಹಾಗೆ. ಪುಸ್ತಕ ತೆರೆಯುವುದು, ಕೋಷ್ಟಕ ಹುಡುಕುವುದು, ಮೊಬೈಲಿನಲ್ಲಿ ಫೋಟೋ ಹೊಡೆಯುವುದು, ಪುಸ್ತಕ ಮುಚ್ಚುವುದು. ಕೋಷ್ಟಕದ ಆಚೆಗಿನ ಬರಹಕ್ಕೆ ಅಂಕವಿಲ್ಲ.

ಅವನು ಫೋಟೋ ಹೊಡೆದ. ಮೊಬೈಲು ಕೈಯಲ್ಲೇ ನಡುಗಿತು. ಗುರುಬಸವನ ಫೋನು. ಸಂಜೆ ಗಿಣಿಗೇರಾಕ್ಕೆ ಬರುತ್ತೇನೆ ಎಂದು ಸಿದ್ದಲಿಂಗೇಶ ಹೇಳಿದ. ಪುಸ್ತಕ ಮುಚ್ಚಿದ. ಗೆರೆ ಅಡ್ಡವಾಗಿತ್ತು. ಸುತ್ತಲೂ ಇತ್ತು. ಈಗ ಅನುಮಾನ ಉಳಿಯಲಿಲ್ಲ.

ಗಿಣಿಗೇರಾದಲ್ಲಿ ಕಾರ್ಖಾನೆಗಳ ರಸ್ತೆಗೆ ಹತ್ತಿಕೊಂಡ ಚಹಾದಂಗಡಿ. ಬೆಂಚು ಎಷ್ಟು ಒರೆಸಿದರೂ ಪ್ಯಾಂಟಿಗೆ ಕಪ್ಪು ಹತ್ತುತ್ತದೆ. ಗುರುಬಸವ ಕೆಲಸದ ಬಟ್ಟೆಯಲ್ಲೇ ಬಂದು ಕೂತ. ಹೆಲ್ಮೆಟ್ಟನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡ. ಸಿದ್ದಲಿಂಗೇಶನನ್ನು ಸಣ್ಣವನಿದ್ದಾಗ ಹೆಗಲ ಮೇಲೆ ಹೊತ್ತು ಜಾತ್ರೆ ತಿರುಗಿಸಿದವನು, ಈಜು ಕಲಿಸುತ್ತೇನೆಂದು ಬಾವಿಗೆ ನೂಕಿ ಆಮೇಲೆ ತಾನೇ ಹಾರಿ ಎತ್ತಿದವನು. ಇವನ ಮಾತನ್ನು ಎಂದೂ ಕಿವಿಗೆ ಹಾಕಿಕೊಂಡವನಲ್ಲ. ಇಂದು ಬಾಯಿ ನೋಡುತ್ತ ಕೂತಿದ್ದ.

"ನೇಣು ಹಾಕ್ಕೊಂಡ್ರ ಗುರ್ತು ಓರೆ ಇರ್ತೈತಿ, ಕಿವಿ ಕಡಿ ಮ್ಯಾಲ ಹೋಗ್ತೈತಿ," ಎಂದ ಸಿದ್ದಲಿಂಗೇಶ. "ಯಾರರ ಬಿಗದ್ರ ಅಡ್ಡ ಇರ್ತೈತಿ. ಸುತ್ತ ಇರ್ತೈತಿ."

"ಆಕೀದು?"

"ಅಡ್ಡ ಇತ್ತು."

"ಪುಸ್ತಕದಾಗ ಹಂಗ ಐತಿ?"

ಸಿದ್ದಲಿಂಗೇಶ ಫೋಟೋ ತೋರಿಸಿದ. ಹತ್ತನೇ ಇಯತ್ತೆಗೆ ಸಾಲಿ ಬಿಟ್ಟ ಗುರುಬಸವ ಇಂಗ್ಲಿಷ್ ಅಕ್ಷರಗಳನ್ನು ಹೆಬ್ಬೆರಳಿನಿಂದ ದೊಡ್ಡದು ಮಾಡಿ ನೋಡಿದ. "ಇದರಾಗ ಯಾವ ಸಾಲು?" ಸಿದ್ದಲಿಂಗೇಶ ಬಲಗಡೆಯ ಸಾಲಿನ ಮೇಲೆ ಬೆರಳಿಟ್ಟ. ಬೆರಳಿಡುವಾಗ ತನ್ನೊಳಗೆ ಒಂದು ಹೆಮ್ಮೆ ಕದಲಿದ್ದು ಅವನಿಗೆ ಗೊತ್ತಾಯಿತು. ಅದರ ಕೆಳಗೆ ಇನ್ನೊಂದಿತ್ತು. ಕೊಟ್ರಬಸಪ್ಪ ಕೊಲೆಗಾರನಾಗಿದ್ದರೆ ಪಂಚಮಿಯ ದಿನ ಸುಮ್ಮನೆ ಚೀಲ ಹಿಡಿದು ನಿಂತವನ ತಪ್ಪು ಸಣ್ಣದಾಗುತ್ತಿತ್ತು.

"ಎಷ್ಟೊತ್ತು ಒದ್ದಾಡಿರಬೇಕು?" ಎಂದ ಗುರುಬಸವ.

"ಭಾಳ ಹೊತ್ತಲ್ಲ."

"ಪುಸ್ತಕದಾಗ ಏನೈತಿ ಅದನ್ನ ಹೇಳು. ನನಗ ಸಮಾಧಾನ ಹೇಳಬ್ಯಾಡ."

ಸಿದ್ದಲಿಂಗೇಶ ಹೇಳಿದ. ಎಚ್ಚರ ಮೊದಲು ತಪ್ಪುತ್ತದೆ, ಜೀವ ನಿಧಾನಕ್ಕೆ ಹೋಗುತ್ತದೆ ಎಂದ. ಕೈಕಾಲು ಬಡಿಯುತ್ತವೆ, ನಾಲಿಗೆ ಹೊರಬರುತ್ತದೆ ಎಂದ. ತರಗತಿಯಲ್ಲಿ ಪಾಠ ಒಪ್ಪಿಸುವ ದನಿಯಲ್ಲಿ ಹೇಳುತ್ತ ಹೋದ. ಗುರುಬಸವ ಉಳಿದ ಚಹಾ ಕುಡಿದು ಮುಗಿಸಿ ಅಂಗಡಿಯ ಹಿಂದೆ ಹೋಗಿ ಎಲ್ಲವನ್ನೂ ವಾಂತಿ ಮಾಡಿಕೊಂಡ. ತಿರುಗಿ ಬಂದಾಗ ಕಣ್ಣು ಕೆಂಪಾಗಿದ್ದವು, ಮುಖ ಮಾತ್ರ ಶಾಂತವಾಗಿತ್ತು.

"ನಾಳಿ ನಾ ಕಂಪ್ಲೇಂಟ್ ಬರೀತೀನಿ," ಎಂದ ಸಿದ್ದಲಿಂಗೇಶ. "ಪುಸ್ತಕದ ಹೆಸರು, ಪುಟ ಎಲ್ಲಾ ಹಾಕಿ ಬರೀತೀನಿ. ಗುಣಿ ತಗಸ್ತಾರ. ದೊಡ್ಡ ಡಾಕ್ಟ್ರು ಬಂದು ನೋಡ್ತಾರ."

"ಗುಣಿ ತಗಸ್ತಾರ?"

"ಕಾನೂನು ಹಂಗ ಐತಿ."

"ಅವ್ವ ಒಪ್ಪಂಗಿಲ್ಲ," ಎಂದ ಗುರುಬಸವ. ಹೆಲ್ಮೆಟ್ಟು ತೆಗೆದುಕೊಂಡು ಗೇಟಿನ ಕಡೆ ನಡೆದ.

ಮರುದಿನ ಸಿದ್ದಲಿಂಗೇಶ ಮತ್ತೆ ಗ್ರಂಥಾಲಯಕ್ಕೆ ಹೋದದ್ದು ಪುಟದ ಸಂಖ್ಯೆಗಾಗಿ. ಫೋಟೋದಲ್ಲಿ ಪುಟದ ಅಂಚು ಸಿಕ್ಕಿರಲಿಲ್ಲ. ಕಂಪ್ಲೇಂಟು ಅರ್ಧ ಬರೆದಿದ್ದ. ಪುಸ್ತಕ ತೆರೆದು ಸಂಖ್ಯೆ ಗುರುತು ಹಾಕಿಕೊಂಡ. ಕೋಷ್ಟಕದ ಕೊನೆಯ ಸಾಲು ಮುಂದಿನ ಪುಟಕ್ಕೆ ದಾಟಿದೆಯೋ ಏನೋ ಎಂದು ಹಾಳೆ ತಿರುವಿದ.

ಅಲ್ಲಿ ಕೋಷ್ಟಕವಿರಲಿಲ್ಲ. ಸಣ್ಣ ಅಕ್ಷರದ ಒಂದು ಪರಿಚ್ಛೇದವಿತ್ತು. ಸತ್ತ ಕೆಲಹೊತ್ತಿನೊಳಗೆ ಹೆಣದ ಕುತ್ತಿಗೆಗೆ ಏನನ್ನಾದರೂ ಬಿಗಿದರೂ ಇಂಥದೇ ಗುರುತು ಮೂಡುತ್ತದೆ, ಹೊರಗಿನಿಂದ ನೋಡಿ ಎರಡನ್ನೂ ಬೇರೆ ಮಾಡಲಾಗದು, ಕುತ್ತಿಗೆಯ ಒಳಗಿನ ಮಾಂಸ ಬಿಡಿಸಿ ರಕ್ತ ಇಳಿದಿದೆಯೇ ಎಂದು ನೋಡದೆ ತೀರ್ಮಾನಕ್ಕೆ ಬರಬಾರದು ಎಂದು ಅದರಲ್ಲಿತ್ತು.

ಅವನು ಎರಡು ಸಲ ಓದಿದ. ಆಮೇಲೆ ಎದ್ದು ಕಂಪ್ಯೂಟರಿನ ಮುಂದೆ ಕೂತ. ಮಹೇಶ್ವರಿ ಮೇಡಂ ದೂರದಿಂದಲೇ ನೋಡಿ, "ಅಂತೂ ಒಬ್ಬರು ಜರ್ನಲ್ ತಗದ್ರಪಾ," ಎಂದು ನಕ್ಕಳು. ತನ್ನ ನಂಬರು ಹಾಕಿದ. ಕುತ್ತಿಗೆ, ಗುರುತು, ಸತ್ತ ನಂತರ ಎಂಬ ಅರ್ಥದ ಇಂಗ್ಲಿಷ್ ಪದಗಳನ್ನು ಹಾಕಿ ಹುಡುಕಿದ. ಲೇಖನಗಳು ಬಂದವು. ಒಂದರಲ್ಲಿ ಫೋಟೋ ಇತ್ತು. ಎಲ್ಲಿಯದೋ ಮುದುಕ. ಬಾಯಿ ತೆರೆಯದಂತೆ ಮನೆಯವರು ಗಲ್ಲಕ್ಕೆ ಕಟ್ಟಿದ್ದ ಬಟ್ಟೆ ಜಾರಿ ಕುತ್ತಿಗೆಗೆ ಬಿಗಿದು ಬಿದ್ದ ಗೆರೆ. ಬೆರಳಗಲ, ಕಂದುಬಣ್ಣ, ಅಡ್ಡ.

ಅಮೃತಾಳ ಗಲ್ಲದ ಬುಡಕ್ಕೆ ಬಿಗಿದಿದ್ದ ಅರಿವೆ.

ಹುಟ್ಟಿದಾಗಿನಿಂದ ಅವನು ಎಷ್ಟು ಹೆಣಗಳನ್ನು ನೋಡಿಲ್ಲ! ಅಜ್ಜ, ಅಜ್ಜಿ, ದೊಡ್ಡಪ್ಪ, ಓಣಿಯವರು. ಎಲ್ಲರನ್ನೂ ಹಾಗೇ ಕೂಡ್ರಿಸಿ ಹಾಗೇ ಕಟ್ಟಿದ್ದರು. ಹಾಗೆ ಕಟ್ಟದ ಹೆಣವನ್ನು ಅವನು ಕಂಡೇ ಇರಲಿಲ್ಲ. ಮನುಷ್ಯನಿಗೆ ಮೂಗು ಇರುವಂತೆ ಹೆಣಕ್ಕೆ ಆ ಕಟ್ಟು ಇರುತ್ತಿತ್ತು. ಕಣ್ಣಿಗೆ ಬಿದ್ದಿತ್ತು, ಲೆಕ್ಕಕ್ಕೆ ಬಂದಿರಲಿಲ್ಲ. ಗುಣಿಯೊಳಗಿದ್ದವರು ಕಟ್ಟು ಬಿಚ್ಚಿ ಆ ಅರಿವೆಯನ್ನು ಮೇಲಕ್ಕೆ ಎಸೆದಾಗ ಹಿಡಿದುಕೊಂಡವನು ಅವನೇ. ಅದನ್ನು ಕೈಯಲ್ಲಿ ಮುದ್ದೆ ಮಾಡಿ ಹಿಡಿದುಕೊಂಡೇ ಅವನು ಅಮೃತಾಳ ಕುತ್ತಿಗೆಯ ಗೆರೆಯನ್ನು ನೋಡಿದ್ದ. ಅದು ತಿರುಚಿ ಹಗ್ಗದಂತಾಗಿತ್ತು. ಗೆರೆ ಅದರಷ್ಟೇ ಅಗಲವಿತ್ತು. ಅದು ಇದ್ದ ಜಾಗದಲ್ಲೇ ಇತ್ತು.

ಮೊಬೈಲು ನಡುಗಿತು. ಅವನು ಹೊರಗೆ ಮೆಟ್ಟಿಲಿಗೆ ಬಂದು ಎತ್ತಿದ.

"ನಾ ಗಂಗಾವತಿ ಬಸ್ಸಿನ್ಯಾಗ ಅದೀನಿ," ಎಂದ ಗುರುಬಸವ.

"ಸ್ಟೇಷನ್ನಿಗೆ?"

"ಅವನ ಅಂಗಡಿಗೆ. ಮಾರಿ ನೋಡಿ ಕೇಳ್ತೀನಿ. ಕೇಳಬೇಕಲ್ಲ ಒಮ್ಮೆ?"

"ಗುರಣ್ಣ, ಒಂದ ಮಾತು."

"ಹೇಳು."

ಬಸ್ಸಿನ ಹಾರ್ನು, ಯಾರದೋ ಕೂಸಿನ ಅಳು, ಕಂಡಕ್ಟರನ ಸೀಟಿ ಎಲ್ಲ ಕೇಳುತ್ತಿತ್ತು. ಹೇಳಲು ಒಂದೇ ಮಾತು ಸಾಕಿತ್ತು. ನಿನ್ನೆ ನಾ ಹೇಳಿದ್ದು ತಪ್ಪು. ಆದರೆ ಬೆರಳಿಟ್ಟು ತೋರಿಸಿದ್ದ. ಕೈಕಾಲು ಬಡಿಯುತ್ತವೆ ಎಂದಿದ್ದ, ನಾಲಿಗೆ ಹೊರಬರುತ್ತದೆ ಎಂದಿದ್ದ. ಅದನ್ನೆಲ್ಲ ಕೇಳಿ ವಾಂತಿ ಮಾಡಿಕೊಂಡ ಮನುಷ್ಯನಿಗೆ ಫೋನಿನಲ್ಲಿ, ಇಲ್ಲ, ಹಾಳೆ ತಿರುವಿರಲಿಲ್ಲ ಎಂದು ಹೇಗೆ ಹೇಳುವುದು? ಎದುರಿಗೆ ಕೂತು ಹೇಳಬೇಕು.

"ನಾನೂ ಬರ್ತೀನಿ," ಎಂದ. "ನಾ ಬರೂತನಕ ಒಳಗ ಹೋಗಬ್ಯಾಡ. ಆಣಿ ಮಾಡು."

"ಬಾ. ನೀ ಇದ್ರ ಛಲೋನ ಆತು."

ಗುರುಬಸವ ಆಣೆಯನ್ನು ಉಳಿಸಿಕೊಂಡಿದ್ದ. ಅಂಗಡಿಯ ಎದುರಿನ ಹುಣಸೆಮರದ ಕೆಳಗೆ ನಿಂತು ಕಾಯುತ್ತಿದ್ದ. ಕೈಯಲ್ಲಿ ಏನೂ ಇರಲಿಲ್ಲ. ಗಂಗಾವತಿಯ ಬಿಸಿಲಲ್ಲಿ ರೈಸ್‌ಮಿಲ್ಲುಗಳ ಕಡೆಯಿಂದ ಬೇಯಿಸಿದ ನೆಲ್ಲಿನ ವಾಸನೆ ಬರುತ್ತಿತ್ತು. ಸಿದ್ದಲಿಂಗೇಶ ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ.

"ಗುರಣ್ಣ, ಮೊದ್ಲ ಒಂದೀಟು ಕುಂದ್ರೂಣು ಬಾ. ಮಾತಾಡೂದೈತಿ."

"ಆಮ್ಯಾಲ. ಅವ ಊಟಕ್ಕ ಹೊಂಟಾನಂದ್ರ ಸಿಗಂಗಿಲ್ಲ." ಗುರುಬಸವ ಆಗಲೇ ರಸ್ತೆ ದಾಟುತ್ತಿದ್ದ.

ಕೊಟ್ರಬಸಪ್ಪ ಒಬ್ಬನೇ ಇದ್ದ. ಹಣೆಗೆ ಪಟ್ಟಿ ಹಾಕಿಕೊಂಡು ನೆಲದ ಮೇಲೆ ಕೂತು ಬಿಚ್ಚಿದ ಮೋಟರಿಗೆ ತಾಮ್ರದ ತಂತಿ ಸುತ್ತುತ್ತಿದ್ದ. ಗೋಡೆಗೆ ಪೈಪುಗಳು, ಬೆಲ್ಟುಗಳು. ಇವರನ್ನು ಕಂಡು ಎದ್ದು ನಿಂತ. ಮೂರು ದಿನ ಕಳೆಯದೆ ಅಂಗಡಿ ತೆರೆದದ್ದಕ್ಕೆ ನಾಚಿದವನಂತೆ ಕೈ ಒರೆಸಿಕೊಂಡ.

"ಬರ್ರಿ. ರೈತರು ಕಾಡಾಕತ್ತಿದ್ರು, ಮೋಟರ್ ಕೊಡು ಮೋಟರ್ ಕೊಡು ಅಂತ. ಮನ್ಯಾಗ ಕುಂತ್ರೂ ಆಕಿ ಕಂಡಂಗ ಆಕ್ಕೈತಿ."

"ಆಕಿನ್ನ ಹೊಡಿತಿದ್ದಿಲ್ಲೇನು ನೀ?" ಎಂದ ಗುರುಬಸವ.

ಕೊಟ್ರಬಸಪ್ಪ ಹಣೆಯ ಪಟ್ಟಿ ಮುಟ್ಟಿಕೊಂಡ. ಆಮೇಲೆ, "ಹೊಡದೀನಿ," ಎಂದ. "ಹೊಡದಿಲ್ಲ ಅಂತ ಎಲ್ಲಿ ಅಂದೀನಿ? ಕುಡದಾಗ ಹೊಡದೀನಿ. ಆವತ್ತ ಮುಟ್ಟಿಲ್ಲ. ಶಿವನಾಣಿ ಮುಟ್ಟಿಲ್ಲ. ಬಚ್ಚಲದಾಗ ಬಿದ್ದ ಸಪ್ಪಳ ಕೇಳಿ ಹೋದೆ, ಬಾಯಾಗ ನೊರಿ ಬಂದಿತ್ತು."

"ಕುತ್ತಿಗಿ ಮ್ಯಾಲಿನ ಗುರ್ತು?"

"ಯಾವ ಗುರ್ತು?"

ಅವನ ಮುಖದಲ್ಲಿ ಬರೀ ಗಲಿಬಿಲಿ ಇತ್ತು. ಅದನ್ನು ಸಿದ್ದಲಿಂಗೇಶ ಕಂಡ. ಗುರುಬಸವ ಕಾಣಲಿಲ್ಲ, ಅವನು ಆಗಲೇ ಸಿದ್ದಲಿಂಗೇಶನ ಕಡೆ ತಿರುಗಿದ್ದ.

"ಹೇಳು ಇವಂಗ. ಪುಸ್ತಕದಾಗ ಏನೈತಿ ಹೇಳು."

ಇಬ್ಬರೂ ಅವನ ಬಾಯಿ ನೋಡಿದರು. ಬಸ್ಸಿನಲ್ಲಿ ಜೋಡಿಸಿಕೊಂಡ ಮಾತು ನಾಲಿಗೆಯ ತುದಿಯಲ್ಲಿತ್ತು. ಅದನ್ನು ಗುರುಬಸವನಿಗೊಬ್ಬನಿಗೇ ಹೇಳಲು ಜೋಡಿಸಿದ್ದ. ಈ ಮನುಷ್ಯನ ಎದುರು, ಅಮೃತಾಳ ಹಲ್ಲು ಮುರಿದವನ ಎದುರು, ಅವನನ್ನು ಬಿಡಿಸುವ ಮಾತಾಗಿ ಹೇಳಬೇಕಾಗುತ್ತದೆ ಎಂದುಕೊಂಡಿರಲಿಲ್ಲ. ಬಾಯಿ ತೆರೆದ. ಒಂದು ಉಸಿರಿನಷ್ಟು ಹೊತ್ತು ಅವನು ಸುಮ್ಮನಿದ್ದ.

ಆ ಸುಮ್ಮನಿರುವಿಕೆಯನ್ನು ಗುರುಬಸವ ಹೌದೆಂದು ತಿಳಿದ.

ಗೋಡೆಗೆ ಬೋರ್‌ವೆಲ್ ಪೈಪು ತಿರುಗಿಸುವ ದೊಡ್ಡ ಪಾನಾ ಒರಗಿತ್ತು. ಮೊದಲ ಏಟು ಹೆಗಲಿನ ಮೂಳೆಗೆ ಬಿತ್ತು. ಹಸಿ ಕಟ್ಟಿಗೆ ಮುರಿದಂಥ ಸಪ್ಪಳ. ಕೊಟ್ರಬಸಪ್ಪ ಕೂಗಲಿಲ್ಲ, ಕೂತುಬಿಟ್ಟ. ಎರಡನೆಯದು ಬಾಯಿಗೆ ಬಿತ್ತು. ಹಲ್ಲುಗಳು ತಾಮ್ರದ ಚೂರುಗಳ ನಡುವೆ ಉದುರಿದವು. ಅವನು ಮೊಣಕೈ ಊರಿ ಬೆಂಚಿನ ಕೆಳಗೆ ತೂರಲು ನೋಡಿದ. ಗುರುಬಸವ ಕಾಲು ಹಿಡಿದು ಎಳೆದ. ಎಳೆಯುವಾಗ ಬಿಚ್ಚಿದ ಮೋಟರಿನ ತಂತಿ ಕೈಗೆ ಸುತ್ತಿಕೊಂಡಿತು. ಗುರುಬಸವ ಅದನ್ನು ನೋಡಿದ. ಪಾನಾ ಬಿಸುಟ. ತಂತಿಯ ನಾಲ್ಕಾರು ಎಳೆಗಳನ್ನು ಕೂಡಿಸಿ ಕೊಟ್ರಬಸಪ್ಪನ ಕುತ್ತಿಗೆಗೆ ಹಾಕಿ, ಬೆನ್ನಿನ ಮೇಲೆ ಮೊಣಕಾಲು ಊರಿ ಎಳೆದ.

"ಬ್ಯಾಡ," ಎಂದ ಸಿದ್ದಲಿಂಗೇಶ. "ಗುರಣ್ಣ, ಬ್ಯಾಡ." ತೋಳು ಹಿಡಿದು ಜಗ್ಗಿದ. ಕ್ರೇನಿನವನ ತೋಳು ಅದು. ಒಂದೇ ಸಲ ಕೊಡವಿದ್ದಕ್ಕೆ ಇವನು ಹೋಗಿ ಪೈಪುಗಳ ಮೇಲೆ ಬಿದ್ದ. ಬ್ಯಾಡ ಎಂಬ ಮಾತಿಗೆ ಅಲ್ಲಿ ಬೆಲೆಯಿರಲಿಲ್ಲ. ಯಾಕೆ ಬ್ಯಾಡ ಎಂಬ ಮಾತಿಗೆ ಇತ್ತು. ಅದು ಅವನ ಬಾಯಲ್ಲಿತ್ತು. ಕೊಟ್ರಬಸಪ್ಪನ ಕಾಲು ನೆಲ ಬಡಿಯುತ್ತಿತ್ತು, ಒಂದು ಚಪ್ಪಲಿ ಹಾರಿ ಹೊರಗೆ ರಸ್ತೆಗೆ ಬಿತ್ತು. ತಂತಿ ಚರ್ಮ ಕೊರೆದು ಗುರುಬಸವನ ಅಂಗೈಗೂ ಇಳಿದಿತ್ತು. ಇಬ್ಬರ ರಕ್ತವೂ ಒಂದೇ ಕಡೆ ಸೋರುತ್ತಿತ್ತು.

"ನೋಡು," ಎಂದ ಗುರುಬಸವ, ಏದುಸಿರು ಬಿಡುತ್ತ. ಕೂಗಾಟವಿರಲಿಲ್ಲ, ಕೆಲಸದ ನಡುವೆ ಕೇಳಿದಂತಿತ್ತು. "ಅಡ್ಡ ಬರಾಕತ್ತೈತೇನು ನೋಡು."

ಸಿದ್ದಲಿಂಗೇಶ ನೋಡಿದ. ನಾಲಿಗೆ ಹೊರಬಂದಿತ್ತು. ಕಾಲಿನ ಬಡಿತ ನಿಂತಿತು, ಮತ್ತೆ ಒಮ್ಮೆ ಬಡಿಯಿತು, ಪೂರ್ತಿ ನಿಂತಿತು. ಗುರುಬಸವ ಇನ್ನೂ ಎಳೆಯುತ್ತಲೇ ಇದ್ದ. ಪಕ್ಕದಂಗಡಿಯವರು ಓಡಿ ಬಂದು ಬಾಗಿಲಲ್ಲೇ ನಿಂತರು. ಒಳಗೆ ಬರುವ ಧೈರ್ಯ ಯಾರಿಗೂ ಆಗಲಿಲ್ಲ. ಕೊನೆಗೆ ಗುರುಬಸವ ತಾನೇ ಕೈ ಬಿಟ್ಟ. ಅಂಗೈಯನ್ನು ಅಂಗಿಗೆ ಒರೆಸಿಕೊಂಡು ಬೆಂಚಿನ ಮೇಲೆ ಕೂತ. "ಪೊಲೀಸ್ರಿಗೆ ಫೋನ್ ಮಾಡ್ರಿ ಯಾರರ," ಎಂದ.

ಪೊಲೀಸರು ಸಿದ್ದಲಿಂಗೇಶನ ಹೇಳಿಕೆ ಪಡೆದರು. ತಡೆಯಲು ಹೋಗಿದ್ದೆ ಎಂದ. ಅದು ಸುಳ್ಳಲ್ಲ. ಗುರುಬಸವನಿಗೆ ಸಿಟ್ಟು ಯಾಕೆ ಬಂತು ಎಂದು ಕೇಳಿದರು. ಅವನ ತಂಗಿಯನ್ನು ಕೊಟ್ರಬಸಪ್ಪ ಹೊಡೆಯುತ್ತಿದ್ದ ಎಂದ. ಅದೂ ಸುಳ್ಳಲ್ಲ. ಗುರುಬಸವ ತನ್ನ ಹೇಳಿಕೆಯಲ್ಲಿ ಪುಸ್ತಕದ ಮಾತು ತೆಗೆಯಲಿಲ್ಲ, ಇವನ ಹೆಸರನ್ನೂ ತೆಗೆಯಲಿಲ್ಲ. ಗುರುತು ಕಂಡೆ, ತಿಳಿಯಿತು, ಕೊಂದೆ ಎಂದಷ್ಟೇ ಹೇಳಿದ.

ಗುರುತಿನ ಮಾತು ಬಂದ ಮೇಲೆ ಅಧಿಕಾರಿಗಳು ಗುಣಿ ತೆಗೆಸುವ ವಿಚಾರ ಎತ್ತಿ ವಿರೂಪಾಕ್ಷಮ್ಮನ ಮನೆಗೆ ಬಂದರು. ಅವಳು ಹೊಸ್ತಿಲಲ್ಲಿ ಕಾಲು ಚಾಚಿ ಕೂತಿದ್ದಳು. ಪಕ್ಕದಲ್ಲಿ ಸಿದ್ದಲಿಂಗೇಶ ನಿಂತಿದ್ದ.

"ಕುಂತಾಳ್ರಿ ನನ್ನ ಮಗಳು," ಎಂದಳು. "ಜಲ್ಮದಾಗ ಈಗ ಒಂದೀಟು ಆರಾಮ ಕುಂತಾಳ. ಎಬ್ಬಸಬ್ಯಾಡ್ರಿ."

"ನಿಮ್ಮ ಮಗನ ಕೇಸಿಗೆ ಅನುಕೂಲ ಆಗಬಹುದಮ್ಮ."

ಅವಳು ಸಿದ್ದಲಿಂಗೇಶನ ಕಡೆ ನೋಡಿದಳು. "ನೀ ಓದೀದಿ. ಏನಂತಿಯಪ್ಪ ನೀ? ತಗಸೂಣೇನು?"

ತೆಗೆದರೆ ಒಳಗಿನ ಮಾಂಸ ಮಾತಾಡುತ್ತಿತ್ತು. ರಕ್ತ ಇಳಿದಿಲ್ಲ ಎಂದು ಒಬ್ಬ ಡಾಕ್ಟರು ಬರೆದರೆ ಸಾಕು, ಗುರುಬಸವ ಏನು ಮಾಡಿದ ಎಂಬುದು ಎಲ್ಲರಿಗಿಂತ ಮೊದಲು ಗುರುಬಸವನಿಗೇ ತಿಳಿಯುತ್ತಿತ್ತು.

"ಬ್ಯಾಡ ಅತ್ತಿ," ಎಂದ. "ನೀ ಹೇಳಿದ್ದ ಖರೆ. ಕುಂತಿರ್ಲಿ."

ಆರೋಪ ಯಾರ ಮೇಲೆ ಹೊರಿಸಬೇಕೋ ಅವನೇ ಸತ್ತಿದ್ದ. ತಾಯಿಗೆ ಮನಸ್ಸಿರಲಿಲ್ಲ. ಅಮೃತಾಳ ಸಾವಿನ ಮಾತು ಅಲ್ಲಿಗೆ ನಿಂತಿತು.

ಸಿದ್ದಲಿಂಗೇಶ ಪರೀಕ್ಷೆ ಬರೆದ. ಆ ಪ್ರಶ್ನೆ ಬಂದಿತ್ತು. ಬರೆಯದೆ ಬೇರೆಯದನ್ನು ಆರಿಸಿಕೊಂಡ. ಗ್ರಂಥಾಲಯಕ್ಕೆ ಹೋಗುವುದು ಕಡಿಮೆಯಾಯಿತು. ಒಂದು ದಿನ ಮಹೇಶ್ವರಿ ಮೇಡಂ ಕಾರಿಡಾರಿನಲ್ಲಿ ಸಿಕ್ಕು, "ಆ ಪೇಪರ್ ಎಲ್ಲಿಗೆ ಬಂತ್ರಿ?" ಎಂದು ಕೇಳಿದಳು. ಬಿಟ್ಟುಬಿಟ್ಟೆ ಎಂದ. "ಅಷ್ಟ್ ಹುಡುಕಿ ಬಿಟ್ರೇನು?" ಎಂದು ಅವಳು ಬೇಜಾರು ಮಾಡಿಕೊಂಡಳು.

ಬೇಸಿಗೆಯಲ್ಲಿ ಜೈಲಿಗೆ ಹೋದ. ಜಾಲರಿಯ ಆಚೆ ಗುರುಬಸವ ಸೊರಗಿದ್ದ, ಗಡ್ಡ ಬಿಟ್ಟಿದ್ದ. ಅಂಗೈಗಳಲ್ಲಿ ತಂತಿ ಕೊರೆದ ಕಲೆ ಬೆಳ್ಳಗೆ ಉಳಿದಿತ್ತು.

"ಏನೋ ಪ್ರೊಫೆಸರ, ಪಾಸ್ ಆದೇನು?"

"ಆದೆ. ವಕೀಲ್ರು ಏನಂತಾರ?"

"ಅಂತಾರ ಏನೇನೋ. ಸಿಟ್ಟಿನ್ಯಾಗ ಮಾಡ್ಯಾನಂತ ತೋರಸ್ತಾರಂತ. ನಾ ಸಿಟ್ಟಿನ್ಯಾಗ ಮಾಡಿಲ್ಲ ಅಂದ್ರ ಕೇಳಂಗಿಲ್ಲ." ಗುರುಬಸವ ನಕ್ಕ. "ಇಲ್ಲಿ ಹುಳಿ ಸಾರು ಛಲೋ ಮಾಡ್ತಾರ. ನಿದ್ದಿನೂ ಬರ್ತೈತಿ. ಮೊದಮೊದ್ಲ ಆಕಿ ಅಳ್ಕೊಂತ ಬರ್ತಿದ್ಲು ಕನಸಿನ್ಯಾಗ. ಈಗ ಅಳಂಗಿಲ್ಲ. ಸುಮ್ನ ಕುಂತಿರ್ತಾಳ."

ಸಿದ್ದಲಿಂಗೇಶ ಜಾಲರಿಗೆ ಬೆರಳು ಸಿಕ್ಕಿಸಿ ನಿಂತಿದ್ದ.

"ನಿನ್ನ ನೆನಸ್ತೀನಿ ನಾ," ಎಂದ ಗುರುಬಸವ. "ನೀ ಓದಿರ್ಲಿಲ್ಲಂದ್ರ ಎಲ್ಲಾರೂ ಫಿಟ್ಸ್ ಅಂತ ಸುಮ್ನಾಗ್ತಿದ್ರು. ನಾನೂ ಸುಮ್ನಾಗ್ತಿದ್ದೆ. ಆಕಿಗೆ ಅಷ್ಟರ ಆತು, ಹೌದಲ್ಲೋ?"

ಕಾವಲಿನವನು ಕೋಲಿನಿಂದ ಜಾಲರಿ ತಟ್ಟಿ ಹೊತ್ತಾಯಿತು ಎಂದ. ಗುರುಬಸವ ಇನ್ನೂ ಉತ್ತರಕ್ಕೆ ಕಾಯುತ್ತ ಇವನ ಮುಖ ನೋಡುತ್ತಿದ್ದ.

"ಹೌದು," ಎಂದ ಸಿದ್ದಲಿಂಗೇಶ.

ಆಮೇಲೂ ಎಷ್ಟೋ ಸಲ ಹೋದ. ಮಳೆ ಬೆಳೆ ಹೇಳಿದ, ಅತ್ತೆಯ ಮೊಣಕಾಲಿನ ನೋವು ಹೇಳಿದ, ತನಗೆ ಕುಷ್ಟಗಿಯ ಕಾಲೇಜಿನಲ್ಲಿ ಕೆಲಸ ಸಿಕ್ಕಿದ್ದು ಹೇಳಿದ. ಅಮೃತಾಳ ಕುತ್ತಿಗೆಯ ಗುರುತು ಅವಳು ಸತ್ತ ಮೇಲೆ ಕಟ್ಟಿದ ಅರಿವೆಯದು ಎಂದು, ಅದು ತನಗೆ ಕೊಟ್ರಬಸಪ್ಪ ಸಾಯುವ ಮೊದಲೇ ಗೊತ್ತಿತ್ತು ಎಂದು, ಗುರುಬಸವನಿಗೆ ಅವನು ಎಂದೂ ಹೇಳಲಿಲ್ಲ.